ಕಾಗದದಲ್ಲಿ ಇಬ್ಬರು

“ಆ ಕಿಟಕಿ ಕೋಣೆ ನಂದು, ದೋನ್ಯಾ ಪುರಾ. ಯಾರೇನೇ ಅನ್ಲಿ, ನಂದೇ. ನಾವು ಈ ಏಳನೇ ಮಾಳಿಗೆಗೆ ಬಂದಾಗ ನಂಗೆ ಒಂಬತ್ತು ವರ್ಷ. ಆ ಕೋಣೇಲಿ ಒಂದೇ ಮಂಚ. ಅದರ ಮೇಲೆ ನಾನು, ನಮ್ಮೂರು ಮೋಕಾದಿಂದ ಬಂದಿದ್ದ ದೊಡ್ಡಪ್ಪನ ಮಕ್ಕಳು ಮೂವರು. ಅಡ್ಡಡ್ಡ ಮಲಗ್ತಿದ್ವಿ, ಕಾಲು ಆಚೆ ನೇತಾಡೋವು. ನೆಲದ ಮೇಲೆ ಅಣ್ಣ. ಇನ್ನೊಂದು ಸಣ್ಣ ಕೋಣೇಲಿ ಅಮ್ಮ. ನಡುಮನೇಲಿ ಸೋದರಮಾವ, ಅವನ ಹೆಂಡ್ತಿ, ಅವರ ಕೂಸು. ಬೆಳಿಗ್ಗೆ ಬಚ್ಚಲಿಗೆ ಸರದಿ ಹಿಡೀಬೇಕಿತ್ತು. ಆದ್ರೂ ಕಿಟಕಿ ಕಡೆ ಮಗ್ಗುಲು ನಂದು. ಅಲ್ಲಿಂದ ನದಿ ಕಾಣೋದು, ನದಿ ಆಚೆ ಬ್ರಾಂಕ್ಸ್ ಕಾಣೋದು, ರೈಲು ಹೋದ್ರೆ ಡಬ್ಬಿ ಎಣಿಸ್ತಿದ್ದೆ. ಬಂದೋರು ಒಬ್ಬೊಬ್ಬರಾಗಿ ಮನೆ ಮಾಡ್ಕೊಂಡು ಹೋದ್ರು. ಅವರ ಜಾಗಕ್ಕೆ ಬೇರೆಯೋರು ಬಂದ್ರು, ಅವರೂ ಹೋದ್ರು. ಇಪ್ಪತ್ತಾರನೇ ವಯಸ್ಸಿಗೆ ಮೊದಲ್ನೇ ಸಲ ಆ ಕೋಣೇಲಿ ನಾನೊಬ್ಬಳೇ ಮಲಗಿದೆ. ಅಣ್ಣ ಮದುವೆ ಆಗೋಕೆ ಅಂತ ಊರಿಗೆ ಹೋಗಿದ್ದ. ಎಷ್ಟು ದಿನ ಹೇಳಿ? ಹನ್ನೊಂದು ದಿನ. ಹನ್ನೆರಡನೇ ದಿನ ಅವಳನ್ನ ಕರ್ಕೊಂಡು ಬಂದ. ಅಮ್ಮ ಏನಂದ್ಲು ಗೊತ್ತಾ? ‘ನೆರೈದಾ, ಹೊಸದಾಗಿ ಮದುವೆ ಆದೋರು, ನೀನು ಹಾಸಿಗೆ ನಡುಮನೇಲಿ ಹಾಕ್ಕೋ.’ ಒಂದು ವಾರಕ್ಕೆ ಅಂದ್ಕೊಂಡೆ. ಮೂವತ್ತು ವರ್ಷ ಆಯ್ತು.”

ನೆರೈದಾ ಇದನ್ನು ಹೇಳಿದ್ದು ಅವಳ ತಾಯಿ ಕಸಿಲ್ದಾ ತೀರಿಕೊಂಡು ಒಂಬತ್ತನೇ ದಿನದ ಪ್ರಾರ್ಥನೆ ಮುಗಿದ ಸಂಜೆ, ನನ್ನ ಅಡುಗೆಮನೆಯಲ್ಲಿ ಕಾಫಿ ಲೋಟ ತೊಳೆಯುತ್ತಾ. ನಾನು ಎದುರು ಬಾಗಿಲಿನವಳು, ಪುರಾ; ‘ದೋನ್ಯಾ’ ಅಂದರೆ ನಮ್ಮಲ್ಲಿ ‘ಅಮ್ಮಾವ್ರೇ’ ಅಂದ ಹಾಗೆ. ಆ ಮನೆಗೂ ನನ್ನ ಮನೆಗೂ ನಡುವೆ ನಾಲ್ಕು ಹೆಜ್ಜೆ. ಅವಳು ಅಳುತ್ತಿದ್ದಳು, ಆದರೆ ಆ ಕಣ್ಣೀರೆಲ್ಲ ತಾಯಿಗೇ ಸೇರಿದ್ದಲ್ಲ. ಒಂಬತ್ತು ದಿನವೂ ಪ್ರಾರ್ಥನೆಗೆ ಬಂದ ಹೆಂಗಸರು ಮೊದಲು ತಬ್ಬಿಕೊಂಡದ್ದು ಅವಳ ಅತ್ತಿಗೆ ಸುನಿಲ್ದಾಳನ್ನು. “ಹೆತ್ತ ಮಗಳ ಹಾಗೆ ನೋಡ್ಕೊಂಡೆ ಕಣಮ್ಮಾ” ಎಂದು ಅವಳ ಕೆನ್ನೆ ಸವರಿದರು. ಹೆತ್ತ ಮಗಳು ಪಕ್ಕದಲ್ಲೇ ಕಾಫಿ ತಟ್ಟೆ ಹಿಡಿದುಕೊಂಡು ನಿಂತಿದ್ದಳು.

ನಮ್ಮದು ನ್ಯೂಯಾರ್ಕಿನ ಮೇಲ್ತುದಿಯಲ್ಲಿ ಸರ್ಕಾರ ಕಟ್ಟಿಸಿದ ಹದಿನಾಲ್ಕು ಮಾಳಿಗೆಯ ಕಟ್ಟಡ. ಮಾಳಿಗೆಗೆ ಎಂಟು ಬಾಗಿಲು. ಎರಡು ಲಿಫ್ಟು, ನಡೆಯುವುದು ಒಂದು. ಬಾಗಿಲ ಹಿಂದೆ ಎಷ್ಟು ಜನ ಎಂದು ಯಾರಾದರೂ ಕೇಳಿದರೆ ನಾವು ಎರಡು ಲೆಕ್ಕ ಕೊಡುತ್ತೇವೆ, ಕಾಗದದ್ದು ಒಂದು, ಹಾಸಿಗೆಯದ್ದು ಒಂದು. ನನ್ನ ಮನೆಯಲ್ಲಿ ಒಂದು ಕಾಲಕ್ಕೆ ಕಾಗದದಲ್ಲಿ ಮೂವರು, ಹಾಸಿಗೆಯಲ್ಲಿ ಒಂಬತ್ತು. ಊರಿನಿಂದ ಬಂದವರನ್ನು ಬೀದಿಗೆ ಬಿಡಲಾಗುತ್ತದೆಯೇ? ಜನಗಣತಿಯ ಹೆಂಗಸು ಬಂದಾಗಲೂ ಹಾಗೆಯೇ. ಒಳಗೆ ಮಕ್ಕಳು ಕಿತ್ತಾಡುವುದು ಅವಳಿಗೂ ಕೇಳುತ್ತಿತ್ತು. “ಮೂವರೇನಾ?” ಎಂದಳು. “ಮೂವರೇ, ಟಿ.ವಿ. ಸದ್ದು ಜಾಸ್ತಿ ಇದೆ” ಎಂದೆ. ಪಾಪ, ಬರೆದುಕೊಂಡು ಹೋದಳು.

ವರ್ಷಕ್ಕೊಮ್ಮೆ ಕಟ್ಟಡದ ಆಫೀಸಿನವರು, ಕಾಗದದಲ್ಲಿಲ್ಲದವರು ಯಾರಾದರೂ ಇದ್ದಾರೆಯೇ ಎಂದು ಮನೆ ನೋಡಲು ಬರುತ್ತಾರೆ. ಆ ದಿನ ನಮ್ಮ ಮಾಳಿಗೆಯಲ್ಲಿ ಹಬ್ಬದ ಗಡಿಬಿಡಿ. ಅವರು ಬಲಗಡೆಯ ಬಾಗಿಲುಗಳನ್ನು ನೋಡುವಾಗ ಹೆಚ್ಚುವರಿ ಹಾಸಿಗೆಗಳೆಲ್ಲ ಎಡಗಡೆಯ ಮನೆಗಳಲ್ಲಿ, ಎಡಗಡೆ ಬಂದಾಗ ಬಲಗಡೆಯಲ್ಲಿ. ಹಲ್ಲುಜ್ಜುವ ಬ್ರಷ್‌ಗಳು ಅನ್ನದ ಪಾತ್ರೆಯೊಳಗೆ, ಚಪ್ಪಲಿಗಳು ಒಲೆಯ ಗೂಡಿನೊಳಗೆ. ಕಸಿಲ್ದಾ ಒಮ್ಮೆ ಮರೆತು ಒಲೆ ಹಚ್ಚಿ ಮೂರು ಜೊತೆ ಚಪ್ಪಲಿ ಬೇಯಿಸಿದಳು. “ಯಾರ ಮನೆ ಮಾಂಸ ಸೀದು ಹೋಯ್ತು?” ಎಂದು ಕೇಳುತ್ತಾ ಆಫೀಸಿನವನು ಹೋದ. ನಾವು ನಕ್ಕು ನಕ್ಕು ಸುಸ್ತಾದೆವು. ನೆರೈದಾ ನಗಲಿಲ್ಲ, ಅದರಲ್ಲಿ ಅವಳ ಚಪ್ಪಲಿಯೂ ಇತ್ತು.

ನೆರೈದಾ ಮೂವತ್ತೈದು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಗಟ್ಟಿ ತೋಳು, ಗಟ್ಟಿ ಗಂಟಲು. ಆ ಮನೆಯ ದೊಡ್ಡವರಲ್ಲಿ ಇಂಗ್ಲಿಷ್ ಚೆನ್ನಾಗಿ ಓದಿ ಬರೆಯಲು ಬರುತ್ತಿದ್ದುದು ಅವಳಿಗೊಬ್ಬಳಿಗೇ. ಮದುವೆಯಾಗಬಾರದು ಎಂದೇನೂ ಇರಲಿಲ್ಲ. ಎಲಿಹಿಯೊ ಎಂಬ ಕ್ಷೌರಿಕ ಎರಡು ವರ್ಷ ಅವಳ ಹಿಂದೆ ತಿರುಗಿದ. ಅವನಿದ್ದದ್ದು ಬ್ರಾಂಕ್ಸಿನ ಒಂದು ಕೋಣೆಯಲ್ಲಿ, ಬಾಡಿಗೆಗೆ ಹಿಡಿದದ್ದು ಅರ್ಧ ಮಂಚ. ರಾತ್ರಿ ಅವನು ಮಲಗಿದರೆ ಹಗಲು ಬೇರೆ ಯಾರೋ ಮಲಗುತ್ತಿದ್ದರು. “ಮದುವೆ ಆಗೋಣ, ಆದ್ರೆ ನಿಮ್ಮನೇಲಿ ಇರೋಣ” ಎಂದ. ನಮ್ಮನೇಲಿ ಅಂದರೆ ಎಲ್ಲಿ? ನಡುಮನೆಯಲ್ಲಿ, ಪರದೆಯ ಹಿಂದೆ, ಬಚ್ಚಲಿಗೆ ಹೋಗುವವರೆಲ್ಲ ಹಾದು ಹೋಗುವ ದಾರಿಯಲ್ಲಿ. ಅವಳು ಪರದೆ ಕಡೆ ನೋಡಿದಳು, ಕಿಟಕಿ ಕೋಣೆಯ ಮುಚ್ಚಿದ ಬಾಗಿಲ ಕಡೆ ನೋಡಿದಳು, ಬೇಡ ಎಂದಳು. ಎಲಿಹಿಯೊ ಅದೇ ವರ್ಷ ಇನ್ನೊಬ್ಬಳನ್ನು ಕಟ್ಟಿಕೊಂಡ. ನೆರೈದಾಳ ಲೆಕ್ಕದಲ್ಲಿ ಅದೂ ಸುನಿಲ್ದಾ ಮಾಡಿದ್ದೇ.

ಹಾಗೆ ನೋಡಿದರೆ ಸುನಿಲ್ದಾ ಏನೂ ಮಾಡಿದವಳಲ್ಲ. ಸಣ್ಣ ದನಿಯ ಹೆಂಗಸು. ವಯಸ್ಸಾದವರ ಮನೆಗಳಿಗೆ ಹೋಗಿ ಮೀಯಿಸಿ ಉಣಿಸಿ ಬರುವ ಕೆಲಸ. ಬಂದ ಹೊಸತರಲ್ಲಿ ಎಲ್ಲರ ಮುಂದೆ, “ಈ ಕೋಣೇಲಿ ಎಷ್ಟು ಬೆಳಕು, ಅಲ್ವಾ ನೆರೈದಾ?” ಎಂದು ಕೇಳಿದಳಂತೆ. ಕೇಡಿನಿಂದ ಕೇಳಿದ್ದಲ್ಲ, ಸಂತೋಷಕ್ಕೆ ಕೇಳಿದ್ದು. ಆ ಒಂದು ಮಾತನ್ನು ನೆರೈದಾ ನನಗೆ ನೂರು ಸಲ ಆಡಿ ತೋರಿಸಿದ್ದಾಳೆ, ಪ್ರತಿ ಸಲವೂ ಸುನಿಲ್ದಾಳ ಮೂಗು ಇನ್ನಷ್ಟು ಮೇಲೆ ಹೋಗುತ್ತಿತ್ತು.

ಮದುವೆಯಾಗಿ ಹದಿನೇಳು ವರ್ಷಕ್ಕೆ ನೆರೈದಾಳ ಅಣ್ಣ ಆಂಬಿಯೊರಿಕ್ಸ್ ತಾನು ಓಡಿಸುವ ಟ್ಯಾಕ್ಸಿಯಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ನೆರೈದಾ ಅತ್ತಳು, ನಿಜವಾಗಿಯೇ ಅತ್ತಳು. ಹದಿನೈದು ದಿನ ಕಳೆದ ಮೇಲೆ ತಾಯಿಯ ಹತ್ತಿರ ಮೆಲ್ಲಗೆ, “ಅಮ್ಮಾ, ಇನ್ನು ಆ ಕೋಣೆ...” ಎಂದಳು.

ಕಸಿಲ್ದಾ ಬಾಳೆಕಾಯಿ ಸುಲಿಯುತ್ತಿದ್ದಳು. “ಯಾವ ಕೋಣೆ?”

“ಕಿಟಕಿ ಕೋಣೆ.”

“ಅವಳಿಗೆ ಗಂಡ ಹೋದ. ಕಿಟಕೀನೂ ಕಿತ್ಕೊಳ್ಳೋಣ ಅಂತೀಯಾ? ಹದಿನೈದು ವರ್ಷದ ಹುಡುಗಿ ಯೋಕಾಸ್ತಾ ಬೇರೆ ಇದಾಳೆ. ತಾಯಿ ಮಗಳು ಅಲ್ಲೇ ಇರ್ಲಿ. ನಿನಗೇನು, ಒಬ್ಬಳು, ಎಲ್ಲಿ ಬೇಕಾದ್ರೂ ಮಲಗ್ತೀಯ.”

‘ಒಬ್ಬಳು’ ಎಂಬ ಮಾತು ಅವಳಿಗೆ ಹೇಗೆ ನಾಟಿತು ಎಂದು ನನಗೆ ಗೊತ್ತಾದದ್ದು ಆ ವಸಂತದಲ್ಲಿ. ಪ್ರತಿ ವಸಂತಕ್ಕೆ ಆಫೀಸಿಗೆ ಮನೆಮಂದಿಯ ಪಟ್ಟಿ ತುಂಬಿ ಕೊಡಬೇಕು, ಯಾರು ಯಾರು ಇದ್ದಾರೆ, ಯಾರು ದುಡಿಯುತ್ತಾರೆ ಎಂದು. ಆ ಮನೆಯ ಗಲಾಟೆಯಲ್ಲಿ ಆಗುವುದಿಲ್ಲ ಎಂದು ನೆರೈದಾ ಅದನ್ನು ನನ್ನ ಅಡುಗೆಮನೆಯ ಮೇಜಿನ ಮೇಲೆ ತುಂಬುತ್ತಿದ್ದಳು. ನನಗೆ ಓದಲು ಅಷ್ಟಾಗಿ ಬರುವುದಿಲ್ಲ, ಆದರೆ ಒಂದು ಪುಟದಲ್ಲಿ ಎಷ್ಟು ಹೆಸರಿವೆ ಎಂದು ಕಣ್ಣಿಗೆ ಕಾಣುತ್ತದೆ. ಹಿಂದಿನ ವರ್ಷ ಐದು ಸಾಲು. ಈ ಸಲ ಎರಡು ಸಾಲು ಬರೆದು ಪೆನ್ನು ಮುಚ್ಚಿದಳು.

“ಇಷ್ಟೇನಾ?” ಎಂದೆ.

“ಸುನಿಲ್ದಾ ಸಂಬಳ ಬರೆದ್ರೆ ಬಾಡಿಗೆ ಏರಿಸ್ತಾರೆ ದೋನ್ಯಾ ಪುರಾ. ಎಲ್ಲರೂ ಹೀಗೇ ಮಾಡೋದು. ನೀವು ಮಾಡಿಲ್ವಾ?”

ಮಾಡಿದ್ದೆ. ದುಡಿಯುವ ಅಳಿಯನನ್ನು ಬಿಟ್ಟು ಬರೆಸಿದ್ದೆ. ಹಾಗಾಗಿ ಬಾಯಿ ಮುಚ್ಚಿಕೊಂಡೆ. “ಅವಳಿಗೆ ಹೇಳಿದ್ದೀಯಾ?” ಎಂದಷ್ಟೇ ಕೇಳಿದೆ. “ಹೇಳ್ತೀನಿ” ಎಂದಳು. ದುಡಿಯದ ಹುಡುಗಿ ಯೋಕಾಸ್ತಾಳ ಹೆಸರನ್ನು ಯಾಕೆ ಬಿಟ್ಟಳು ಎಂದು ನಾನು ಕೇಳಲಿಲ್ಲ. ‘ಇಬ್ಬರೂ ಮನೆ ಬಿಟ್ಟು ಹೋಗಿದ್ದಾರೆ’ ಎಂದು ಬರೆದಿದ್ದಳೆಂದು ಆಮೇಲೆ ತಿಳಿಯಿತು. ಕಸಿಲ್ದಾ ಕನ್ನಡಕವಿಲ್ಲದೆ ರುಜು ಹಾಕಿದಳು.

ಅಲ್ಲಿಂದ ಹನ್ನೆರಡು ವರ್ಷ ಹಾಗೇ ನಡೆಯಿತು. ಮನೆ ನೋಡಲು ಬರುವ ದಿನ ಮಾತ್ರ ನೆರೈದಾ ಶಾಲೆಗೆ ರಜೆ ಹಾಕುವಳು. ಸುನಿಲ್ದಾ ಕೆಲಸಕ್ಕೆ ಹೊರಟ ಕೂಡಲೇ ತಾಯಿ ಮಗಳ ಬಟ್ಟೆಗಳನ್ನು ಮೂಟೆ ಕಟ್ಟಿ ನನ್ನ ಮನೆಗೆ ತಂದಿಡುವಳು. ತಲೆ ಬಾಚಿ, ಒಳ್ಳೆಯ ಉಡುಪು ತೊಟ್ಟು, ಕಿಟಕಿ ಕೋಣೆಯ ಮಂಚದ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂರುವಳು. “ಇದು ಯಾರ ಕೋಣೆ?” ಎಂದು ಬಂದವನು ಕೇಳಬೇಕು, “ನಂದು” ಎಂದು ಅವಳು ಹೇಳಬೇಕು. ಒಂದು ವರ್ಷ ಬಂದವನು ಅವಸರದಲ್ಲಿ ಕೇಳದೆ ಹೊರಟ. ನೆರೈದಾ ಹೊಸ್ತಿಲವರೆಗೆ ಹಿಂದೆ ಹೋಗಿ, “ಸ್ವಾಮಿ, ಆ ಕೋಣೆ ನಂದು, ಬರ್ಕೊಂಡ್ರಾ?” ಎಂದು ಕೂಗಿದಳು.

ಬಟ್ಟೆಗಳನ್ನು ಮತ್ತೆ ಜೋಡಿಸಿಟ್ಟ ಮೇಲೆ ಸಂಜೆ ಸುನಿಲ್ದಾ ಬಂದು, “ನನ್ನ ಮಂಚದ ಮೇಲೆ ಯಾರು ಕೂತಿದ್ದು? ಹೊದಿಕೆ ಸುಕ್ಕಾಗಿದೆ” ಎನ್ನುವಳು.

“ಆಫೀಸಿನೋನು ಕೂತಿದ್ದ” ಎನ್ನುವಳು ನೆರೈದಾ.

ಈ ನಡುವೆ ಯೋಕಾಸ್ತಾ ಮದುವೆಯಾಗಿ ಪೆನ್ಸಿಲ್ವೇನಿಯದ ರೆಡಿಂಗಿಗೆ ಹೋದಳು. ಕಸಿಲ್ದಾ ಹಾಸಿಗೆ ಹಿಡಿದಳು. ಮೀಯಿಸುವುದು, ಮಗ್ಗುಲು ತಿರುಗಿಸುವುದು ಸುನಿಲ್ದಾಳ ಕೈಗೆ ಒಗ್ಗಿದ ಕೆಲಸ. ನೆರೈದಾ ತುತ್ತು ಹಿಡಿದರೆ ಮುದುಕಿ ಬಾಯಿ ಬಿಗಿಯುತ್ತಿದ್ದಳು, ಸುನಿಲ್ದಾ ಹಿಡಿದರೆ ಮರಿಹಕ್ಕಿಯ ಹಾಗೆ ತೆರೆಯುತ್ತಿದ್ದಳು. ಕೊನೆಯುಸಿರಿಗೆ ಕರೆದದ್ದೂ “ಸುನೀ” ಎಂದೇ. ಆಗ ನೆರೈದಾ ತಾಯಿಯ ಕಾಲು ತಿಕ್ಕುತ್ತಿದ್ದಳು. ತಿಕ್ಕುವುದನ್ನು ನಿಲ್ಲಿಸಿದ್ದನ್ನು ನಾನು ನೋಡಿದೆ.

ಮನೆ ಇದ್ದದ್ದು ಕಸಿಲ್ದಾಳ ಹೆಸರಿನಲ್ಲಿ. ಅವಳು ಹೋದ ಮೇಲೆ ಅದು ಯಾರ ಹೆಸರಿಗೆ ಎಂದು ಕೇಳಲು ಇಬ್ಬರೂ ಒಟ್ಟಿಗೇ ಆಫೀಸಿಗೆ ಹೋದರು. ಅಲ್ಲಿ ನಡೆದದ್ದನ್ನು ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ. ಮಾತು ಎರಡೂ ಕಡೆ ಒಂದೇ, ಹಾಗಾಗಿ ನಿಜವೇ ಇರಬೇಕು.

ಮೇಜಿನ ಹಿಂದೆ ಮಿಸ್ ಗ್ಯಾಸ್ಕಿನ್ಸ್ ಎಂಬ ಹಿರಿಯ ಹೆಂಗಸು. ಕಡತ ತೆಗೆದು, “ಪಟ್ಟಿಯಲ್ಲಿ ಇಬ್ಬರಿದ್ದಾರೆ. ತಾಯಿ ಕಸಿಲ್ದಾ, ಮಗಳು ನೆರೈದಾ. ನಿಮಗೆ ಹಕ್ಕಿದೆ” ಎಂದಳು.

ಸುನಿಲ್ದಾ ಸ್ವಲ್ಪ ಕಾದಳು, ಪುಟ ತಿರುಗಿಸಿದರೆ ಮುಂದಿನ ಹೆಸರು ಬರುತ್ತದೆ ಎಂಬಂತೆ. ಪುಟ ತಿರುಗಲಿಲ್ಲ. “ನೆರೈದಾ, ನನ್ನ ಹೆಸರು?” ಎಂದು ನಮ್ಮ ಮಾತಿನಲ್ಲಿ ಕೇಳಿದಳು.

“ಈಯಮ್ಮ ಯಾರು?” ಎಂದಳು ಮಿಸ್ ಗ್ಯಾಸ್ಕಿನ್ಸ್. “ಇವರೂ ಅದೇ ಮನೇಲಿರ್ತಾರಾ?”

ಆ ಗಳಿಗೆಯಲ್ಲಿ ಹೌದು ಎನ್ನಬಹುದಿತ್ತು. ದಂಡವೋ ಬೈಗುಳವೋ ಬೀಳುತ್ತಿತ್ತು, ಏನೋ ಒಂದು ದಾರಿ ಕಾಣುತ್ತಿತ್ತು. ನೆರೈದಾ ಹೇಳಿದ್ದು, “ಇಲ್ಲ. ಸಾವಿಗೆ ಅಂತ ಬಂದೋರು. ನೆಂಟರು.”

ಅಷ್ಟು ಇಂಗ್ಲಿಷ್ ಸುನಿಲ್ದಾಳಿಗೂ ಅರ್ಥವಾಗುತ್ತದೆ. ಅವಳು ಎದ್ದು ಮಿಸ್ ಗ್ಯಾಸ್ಕಿನ್ಸ್‌ಗೆ ತಲೆಬಾಗಿ ಆಚೆ ಬಂದಳು.

ಮಾರನೆಯ ದಿನ ನನ್ನ ಮನೆಯಲ್ಲಿ ಕುಳಿತು, “ನಾನು ಬಾಯಿ ಬಿಡಬಹುದಿತ್ತು ದೋನ್ಯಾ ಪುರಾ. ಹನ್ನೆರಡು ವರ್ಷ ಸುಳ್ಳು ಬರೆದಿದಾಳೆ ಅಂತ ಇಬ್ಬರನ್ನೂ ಆಚೆ ಹಾಕ್ತಿದ್ರು. ಅತ್ತೆ ಮನೆ. ಹೋಗ್ಲಿ” ಎಂದಳು. ನನ್ನ ಮೇಜನ್ನೇ ನೋಡುತ್ತಿದ್ದಳು. ಆ ಕಾಗದ ಎಲ್ಲಿ ತುಂಬಿದ್ದು ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಕೇಳಲಿಲ್ಲ. ನಾನೂ ಹೇಳಲಿಲ್ಲ. ವಾರದೊಳಗೆ ಯೋಕಾಸ್ತಾಳ ಗಂಡ ವ್ಯಾನು ತಂದ. ಮೂವತ್ತು ವರ್ಷದ ಸಾಮಾನು ಲಿಫ್ಟಿನಲ್ಲಿ ಎರಡೇ ಸಲಕ್ಕೆ ಇಳಿಯಿತು.

ನೆರೈದಾ ಅಂದೇ ಕೋಣೆಗೆ ಸೇರಿದಳು. ಗೋಡೆಗೆ ಹಳದಿ ಬಣ್ಣ ಬಳಿಸಿದಳು, ಹೊಸ ಮಂಚ ತರಿಸಿದಳು. ನಮ್ಮನ್ನೆಲ್ಲ ಕರೆದು ಕಾಫಿ ಕೊಟ್ಟಳು. ನಾಲ್ಕು ದಿನ ಅವಳ ಮುಖ ನೋಡಬೇಕಿತ್ತು. ಐದನೆಯ ದಿನ ಬಂದು, “ಅವಳು ಏನೋ ಮಾಡಿ ಹೋಗಿದಾಳೆ” ಎಂದಳು.

“ಏನು ಮಾಡಿದಾಳೆ?”

“ನದಿ ದಂಡೇಲಿ ಹೊಸ ಕಟ್ಟಡ ಎದ್ದಿದೆ. ಇಪ್ಪತ್ತೆಂಟು ಮಾಳಿಗೆ. ಒಂದು ತುಂಡು ನದಿ ಕಾಣುತ್ತೆ ಅಷ್ಟೇ, ಇಷ್ಟಗಲ. ಅವಳು ಇಷ್ಟು ವರ್ಷ ಪೂರ್ತಿ ನೋಡಿದ್ಲು!”

“ಆ ಕಟ್ಟಡ ಸುನಿಲ್ದಾ ಕಟ್ಟಿಸಿದ್ಲೇನೇ?”

“ನೀವು ಯಾವಾಗ್ಲೂ ಅವಳ ಪರಾನೇ.”

ನೋಡುವವರಿಲ್ಲದಿದ್ದರೆ ಆ ಕೋಣೆ ಅವಳಿಗೆ ರುಚಿಸುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ನಡುಮನೆಯಲ್ಲಿ ಕುಳಿತು ಹೊಟ್ಟೆ ಉರಿಸಿಕೊಳ್ಳಲು ಯಾರೂ ಇಲ್ಲ. ಜೊತೆಗೆ ಯೋಕಾಸ್ತಾ ನನ್ನ ಫೋನಿಗೆ ಚಿತ್ರ ಕಳಿಸುತ್ತಿದ್ದಳು. ರೆಡಿಂಗಿನ ಮನೆ, ಮುಂದೆ ಜಗಲಿ, ಹಿಂದೆ ಹಿತ್ತಲು, ಹಿತ್ತಲಲ್ಲಿ ಸುನಿಲ್ದಾ ನೆಟ್ಟ ಬದನೆ. ನೆರೈದಾ ಬಂದವಳೇ, “ತೋರ್ಸಿ, ಬೇಡ, ತೋರ್ಸಿ” ಎನ್ನುವಳು. ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ, “ಪಕ್ಕದ ಮನೆ ಎಷ್ಟು ದೂರ ಇದೆ ನೋಡಿ. ಕೂಗಿದ್ರೂ ಕೇಳ್ಸಲ್ಲ. ಅಂಥಾ ಕಡೆ ಮನುಷ್ಯರು ಇರ್ತಾರಾ?” ಎನ್ನುವಳು. ಮತ್ತೆ ಹಿಗ್ಗಿಸಿ, “ದಪ್ಪ ಆಗಿದಾಳೆ” ಎನ್ನುವಳು. ಆಗಿರಲಿಲ್ಲ.

ಜುಲೈನಲ್ಲಿ ಆಫೀಸಿನಿಂದ ಕಾಗದ ಬಂತು. ಅವಳು ಅದನ್ನು ಓದಿ ಹೇಳಿದಳು, ದನಿಯಲ್ಲಿ ಜೀವವಿರಲಿಲ್ಲ. ಮನೆಯಲ್ಲಿರುವುದು ಒಂದು ತಲೆ, ಮಲಗುವ ಕೋಣೆ ಎರಡು. ಒಂದು ತಲೆಗೆ ಅಷ್ಟು ದೊಡ್ಡ ಮನೆ ಕೊಡುವ ಹಾಗಿಲ್ಲ, ಹೊರಗೆ ಸಾವಿರಾರು ಸಂಸಾರಗಳು ಸರದಿಯಲ್ಲಿವೆ. ಹಿಂದಿನ ಕಟ್ಟಡದ ಎರಡನೇ ಮಾಳಿಗೆಯಲ್ಲಿ ಒಂಟಿ ಕೋಣೆ ಖಾಲಿ ಇದೆ, ಅಲ್ಲಿಗೆ ಹೋಗಬೇಕು. ಮನೆಗೆ ಹತ್ತಿರದ ನೆಂಟರು ಯಾರಾದರೂ ಸೇರುವುದಿದ್ದರೆ ಮೂವತ್ತು ದಿನದೊಳಗೆ ಕರೆತಂದು ಅರ್ಜಿ ಕೊಡಬಹುದು.

ಅವಳು ತಾನೇ ಬರೆದ ಲೆಕ್ಕ. ಆ ಪಟ್ಟಿಯಲ್ಲಿ ಸುನಿಲ್ದಾ ಇದ್ದಿದ್ದರೆ ಎರಡು ತಲೆ, ಎರಡು ಕೋಣೆ, ಯಾರೂ ಅಲ್ಲಾಡಿಸುತ್ತಿರಲಿಲ್ಲ. ಅದನ್ನು ನಾನು ಹೇಳಬೇಕಾಗಿರಲಿಲ್ಲ. ಮೂರು ವಾರ ತನಗೆ ತಾನೇ ಬೈದುಕೊಂಡು ತಿರುಗಿದಳು. ನಾಲ್ಕನೇ ವಾರ ನನ್ನ ಅಡುಗೆಮನೆಗೆ ಬಂದು, “ನಿಮ್ಮ ಫೋನಿಂದ ಮಾಡ್ತೀನಿ. ನನ್ನದಾದ್ರೆ ಎತ್ತಲ್ಲ” ಎಂದಳು. ನನಗೂ ಕೇಳಲಿ ಎಂದು ಮೇಜಿನ ಮೇಲಿಟ್ಟಳು.

“ದೋನ್ಯಾ ಪುರಾ, ಚೆನ್ನಾಗಿದೀರಾ?” ಎಂದಿತು ಸುನಿಲ್ದಾಳ ದನಿ.

“ನಾನು.”

“ನಾನು ಅಂದ್ರೆ?”

“ದನಿ ಮರೆತೋಯ್ತಾ?”

“ಮೂವತ್ತು ವರ್ಷ ಗೊರಕೆ ಕೇಳಿದೀನಿ, ದನಿ ಮರೀತೀನಾ? ಹೇಳು.”

ನೆರೈದಾ ಸೆಕೆಯ ಬಗ್ಗೆ ಮಾತಾಡಿದಳು. ಲಿಫ್ಟು ಕೆಟ್ಟದ್ದು ಹೇಳಿದಳು. ಅತ್ತಕಡೆ ಸುನಿಲ್ದಾ ಹೂಂ ಹೂಂ ಎನ್ನುತ್ತಿದ್ದಳು. ಕೊನೆಗೆ, “ಮನೆ ಕಿತ್ಕೊಳ್ತಾರಂತೆ. ಇನ್ನೊಂದು ತಲೆ ಇದ್ರೆ ಬಿಡ್ತಾರಂತೆ. ನೀನು ಬಂದ್ರೆ...” ಎಂದು ನಿಲ್ಲಿಸಿದಳು.

“ನಾನು ಸಾವಿಗೆ ಅಂತ ಬಂದ ನೆಂಟರವಳಲ್ವೇನೇ? ಸಾವು ಮುಗೀತು, ನೆಂಟರು ಹೊರಟ್ರು.”

“ಕಿಟಕಿ ಕೋಣೆ ನೀನೇ ಇಟ್ಕೋ.” ಈ ಮಾತು ಹೇಳುವಾಗ ನೆರೈದಾಳ ಕುತ್ತಿಗೆಯ ನರ ಉಬ್ಬಿತ್ತು. ಅವಳಿಂದ ಅದು ಬಂತಲ್ಲ ಎಂದು ನನಗೇ ಆಶ್ಚರ್ಯವಾಯಿತು.

 ಫೋನಿನಲ್ಲಿ ದೂರದಿಂದ ಯೋಕಾಸ್ತಾಳ ಮಗು ನಗುವುದು ಕೇಳಿಸಿತು.

“ನಂಗೆ ಬೇಡ ನೆರೈದಾ. ನಂಗೆ ಆಗ್ಲೂ ಅದು ಬೇಕು ಅಂತ ಇರ್ಲಿಲ್ಲ, ಕೊಟ್ರು, ಮಲಗಿದೆ. ಚಳಿಗಾಲದಲ್ಲಿ ಆ ಸಂದಿಯಿಂದ ಬರೋ ಗಾಳಿಗೆ ನನ್ನ ಭುಜ ಹೋಯ್ತು. ನೀನು ಒಂದು ಸಲ ಬಾಯಿ ಬಿಟ್ಟು ಕೇಳಿದ್ರೆ ಬಿಟ್ಟುಕೊಡ್ತಿದ್ದೆ.” ಮತ್ತೆ ತಡೆದು, “ಒಂದ್ಕೆಲಸ ಮಾಡು. ನೀನೇ ಇಲ್ಲಿಗೆ ಬಾ. ಮೇಲ್ಗಡೆ ಕೋಣೆ ಹಾಗೇ ಬಿದ್ದಿದೆ. ಎರಡು ಕಿಟಕಿ ಇದೆ. ಯೋಕಾಸ್ತಾನೂ ಬೇಡ ಅನ್ನಲ್ಲ” ಎಂದಳು.

“ಯೋಚ್ನೆ ಮಾಡ್ತೀನಿ” ಎಂದು ನೆರೈದಾ ಫೋನಿಟ್ಟಳು. ಇಟ್ಟವಳು ನನ್ನ ಕಡೆ ತಿರುಗಿದಳು. ಮುಖ ಕೆಂಪಾಗಿತ್ತು.

“ಎರಡು ಕಿಟಕಿಯಂತೆ! ಕೇಳಿದ್ರಾ? ಹೇಗೆ ಚುಚ್ಚಿದ್ಲು ನೋಡಿ!”

“ಕರೆದಳಲ್ಲೇ ಮಾರಾಯ್ತಿ.”

“ಕರೆದದ್ದಲ್ಲ, ತೋರಿಸಿದ್ದು. ಒಂದಲ್ಲ, ಎರಡು. ಹೋಗಿ ಅವಳ ಮನೇಲಿ, ಅವಳು ಕೊಟ್ಟ ಮಂಚದ ಮೇಲೆ... ಇಲ್ಲ ದೋನ್ಯಾ ಪುರಾ. ಆ ಹಿಂದಿನ ಕಟ್ಟಡದಲ್ಲಿ ಗೋಡೆ ನೋಡ್ಕೊಂಡು ಸಾಯ್ತೀನಿ.”

ಸೆಪ್ಟೆಂಬರಿನಲ್ಲಿ ಹಿಂದಿನ ಕಟ್ಟಡಕ್ಕೆ ಹೋದಳು. ಎದುರು ಮನೆಗೆ ಕ್ವೆಂಕಾ ಎಂಬ ಊರಿನಿಂದ ಬಂದ ಸಂಸಾರ ಸೇರಿತು. ಹೋದ ಮಂಗಳವಾರ ಅವಳನ್ನು ನೋಡಲು ಹೋಗಿದ್ದೆ. ಒಂದೇ ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಮಂಚ. ಕುರ್ಚಿಯನ್ನು ಮಂಚದ ಮೇಲೆತ್ತಿಟ್ಟು ನೆಲ ಒರೆಸಲು ಶುರುಮಾಡಿದ್ದಳು. ನನ್ನನ್ನು ಮಂಚದ ತುದಿಯಲ್ಲಿ ಕೂರಿಸಿದಳು.

“ಅಲ್ಲಿ ಎಷ್ಟು ಜನ ಇದಾರೆ ಈಗ?”

“ಕಾಗದದಲ್ಲಿ ಐದು.”

“ಹಾಸಿಗೇಲಿ?”

“ಎಂಟು. ಮೊನ್ನೆ ಇನ್ನೊಬ್ಬಳು ಬಂದಳು, ಗರ್ಭಿಣಿ.”

“ಆ ಗರ್ಭಿಣಿಗೆ ಯಾವ ಕೋಣೆ ಕೊಟ್ರು?”

“ಅದನ್ನೇ” ಎಂದೆ. ಅವಳಿಗೆ ಗೊತ್ತಾಯಿತು. “ಮೊನ್ನೆ ಬಂದವಳಿಗೇ!” ಎಂದಳು. “ಕೆಲವರ ಹಣೆಬರಹ ನೋಡಿ.”

ಅಷ್ಟು ಹೇಳಿ ಒರೆಸುವ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು. ಒಲೆಯ ಕೆಳಗಿನಿಂದ ಹಿಡಿದು ಮೂಲೆ ಮೂಲೆ ಒರೆಸುತ್ತಾ ಹಿಂದೆ ಹಿಂದೆ ಬಂದಳು. “ಕಾಲೆತ್ತಿ” ಎಂದಳು. ಎತ್ತಿದೆ. ನನ್ನ ಕಾಲ ಕೆಳಗೆ ಒರೆಸಿ, ನೀರು ಚೆಲ್ಲಲು ಬಚ್ಚಲ ಕಡೆ ಹೋದಳು.